ಬೆಚ್ಚಗಿನ ನೆಲದ ಮೇಲೆ ಒಂದು ಗಿಟಾರ್

ನನ್ನ ಬದುಕನ್ನು ಕಾಲಕ್ರಮದಲ್ಲಿಯೇ ಹೇಳುತ್ತೇನೆ. ಮೊದಲು ಕಾರ್ಖಾನೆ, ಆಮೇಲೆ ಒಂದು ಕಾಫಿ ಅಂಗಡಿಯ ಗೋಡೆ, ಆಮೇಲೆ ಒಬ್ಬ ಅಜ್ಜಿಯ ಮನೆ, ಅಲ್ಲಿಂದ ವೇದಿಕೆಗಳು, ಕೊನೆಗೆ ಈ ಗಾಜಿನ ಕಪಾಟು. ಈ ಕ್ರಮ ತಪ್ಪಿದರೆ ನನ್ನ ಎದೆಯ ಮೇಲಿನ ಸೀಳು ಅರ್ಥವಾಗುವುದಿಲ್ಲ. ಸೀಳು ಅರ್ಥವಾಗದಿದ್ದರೆ ಟಾಕ್ ಯುನ್‌ಸುಲ್ ಎಂಬ ಗಾಯಕಿಯ ದನಿಯೂ ಅರ್ಥವಾಗುವುದಿಲ್ಲ.

ನಾನು ಒಂದು ಗಿಟಾರ್. ಹುಟ್ಟಿದ್ದು ದಕ್ಷಿಣ ಕೊರಿಯಾದ ಇಂಚಾನ್ ನಗರದ ಒಂದು ಕಾರ್ಖಾನೆಯಲ್ಲಿ. ನನ್ನ ಮೇಲ್ಹಲಗೆ ಸ್ಪ್ರೂಸ್ ಮರದ್ದು. ಬೆನ್ನು ಮತ್ತು ಪಕ್ಕೆಗಳು ಮಹಾಗನಿಯವು. ಕಡಿದ ಮೇಲೂ ಮರ ಗಾಳಿಯ ತೇವವನ್ನು ಕುಡಿದು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಕುಗ್ಗುವುದು ನಾರಿನ ಉದ್ದಕ್ಕಲ್ಲ, ಅಡ್ಡಕ್ಕೆ. ನನ್ನ ಒಳಗಿನ ಪಟ್ಟಿಗಳನ್ನು ಅಂಟಿಸಿದ ಹೆಂಗಸಿಗೆ ಇದು ಚೆನ್ನಾಗಿ ಗೊತ್ತಿತ್ತು. ಆಕೆ ಪ್ರತಿಯೊಂದು ಗಿಟಾರನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದಳು. ನನ್ನನ್ನು ತಟ್ಟಿ, "ಇದು ಸ್ವಲ್ಪ ವಾಚಾಳಿ" ಎಂದಳು. ನನ್ನ ಬಗ್ಗೆ ನಾನು ಕೇಳಿದ ಮೊದಲ ಮಾತು ಅದು.

ಮಾತಾಡುವ ಅವಕಾಶ ಮಾತ್ರ ಬಹುಕಾಲ ಸಿಗಲಿಲ್ಲ. ಮೊಕ್ಪೊ ಬಂದರಿನಲ್ಲಿ ಕಾಫಿ ಅಂಗಡಿ ಇಟ್ಟಿದ್ದ ಕೂ ಜಾಂಗ್‌ಮಾನ್ ನನ್ನನ್ನು ಕೊಂಡು ಗೋಡೆಗೆ ನೇತುಹಾಕಿದ. ಗಿರಾಕಿಗಳು ಹಾಡುತ್ತಾರೆಂದು ಅವನ ನಂಬಿಕೆ. ಅವರು ಕಾಫಿ ಕುಡಿದರು, ಹಡಗುಗಳ ಸುದ್ದಿ ಹೇಳಿದರು, ನನ್ನ ತಲೆಗೆ ಟೋಪಿ ಸಿಕ್ಕಿಸಿದರು. ಅಂಗಡಿ ಮುಚ್ಚುವ ದಿನ ಅವನು ನನ್ನನ್ನು ಮೀನಿನ ಮಾರುಕಟ್ಟೆಗೆ ಹೊತ್ತುಕೊಂಡು ಹೋದ. ಅಲ್ಲಿ ಹಾ ಮಾಲ್‌ಸೂನ್ ಎಂಬ ಅಜ್ಜಿ ಒಣಮೀನು ಮಾರುತ್ತಿದ್ದರು.

"ಅಕ್ಕಾ, ಇದನ್ನ ನಿಮ್ಮ ಮೊಮ್ಮಗಳಿಗೆ ಕೊಡಿ. ಮೀನಿನ ಡಬ್ಬ ಬಡೀತಾ ಹಾಡ್ತಾಳಲ್ಲ, ಡಬ್ಬಕ್ಕಾದ್ರೂ ಸ್ವಲ್ಪ ವಿಶ್ರಾಂತಿ ಸಿಗಲಿ."

"ಇದು ಏನು ತಿನ್ನುತ್ತೆ?"

"ಏನೂ ತಿನ್ನಲ್ಲ."

"ಹಾಗಾದ್ರೆ ನಿನಗಿಂತ ವಾಸಿ. ಇಲ್ಲಿ ಕೊಡು."

ಹೀಗೆ ನಾನು ಯುನ್‌ಸುಲ್‌ಳ ಮಡಿಲಿಗೆ ಬಂದೆ. ಅವಳ ತಂದೆ ದೂರದ ಸಮುದ್ರದಲ್ಲಿ ಮೀನು ಹಿಡಿಯುವ ಹಡಗಿನಲ್ಲಿದ್ದರು, ತಾಯಿ ಇರಲಿಲ್ಲ. ಅಜ್ಜಿಯೇ ಅವಳ ಮನೆ. ಅವಳು ಶಾಲೆಯಿಂದ ಬಂದವಳೇ ಕೈ ತೊಳೆದುಕೊಂಡು ನನ್ನನ್ನು ಎತ್ತಿಕೊಳ್ಳುತ್ತಿದ್ದಳು. ಹಾಡುಗಳನ್ನು ತಾನೇ ಕಟ್ಟುತ್ತಿದ್ದಳು. ಆಗ ಅವಳ ದನಿ ಎತ್ತರವಾಗಿ, ಸಪೂರವಾಗಿ ಇತ್ತು. ಟೀವಿಯ ಗಾಯಕಿಯರಂತೆ ಹಾಡಬೇಕೆಂದು ಕತ್ತು ನೀಳ ಮಾಡಿಕೊಂಡು ಏಣಿ ಹತ್ತುವವಳಂತೆ ಹಾಡುತ್ತಿದ್ದಳು. ನಾನು ಕೆಳಗಿನಿಂದ ಅವಳ ಗಲ್ಲವನ್ನೂ ಕತ್ತಿನ ಬಿಗಿದ ನರಗಳನ್ನೂ ನೋಡುತ್ತಿದ್ದೆ.

ಇಲ್ಲಿ ಆ ಮನೆಯ ನೆಲದ ಬಗ್ಗೆ ಹೇಳಬೇಕು. ಕೊರಿಯಾದಲ್ಲಿ ನೆಲವೇ ಒಲೆ. ನೆಲದಡಿಯ ಕೊಳವೆಗಳಲ್ಲಿ ಬಿಸಿನೀರು ಹರಿಯುತ್ತದೆ. ಜನ ಅದರ ಮೇಲೆಯೇ ಕುಳಿತು ಉಣ್ಣುತ್ತಾರೆ, ಮಲಗುತ್ತಾರೆ. ಕೋಣೆಯ ಅತ್ಯಂತ ಬೆಚ್ಚಗಿನ ಜಾಗವನ್ನು ಹಿರಿಯರಿಗೆ, ಅತಿಥಿಗಳಿಗೆ, ಕಾಯಿಲೆಯವರಿಗೆ ಬಿಟ್ಟುಕೊಡುವುದು ವಾಡಿಕೆ. ಮನೆಯವರು ಯಾರಾದರೂ ಬರುವುದು ತಡವಾದರೆ ಅವರ ಅನ್ನದ ಬಟ್ಟಲಿಗೆ ಮುಚ್ಚಳ ಹಾಕಿ ಅದೇ ಜಾಗದಲ್ಲಿಟ್ಟು ಕೌದಿ ಹೊದಿಸುತ್ತಾರೆ. ಮಾಲ್‌ಸೂನ್ ಅಜ್ಜಿಗೆ ಪ್ರೀತಿಯನ್ನು ತೋರಿಸಲು ಗೊತ್ತಿದ್ದ ವಿಧಾನ ಅದೊಂದೇ. ತಮಗಾಗಿ ಅವರು ಆ ನೀರು ಕಾಯಿಸುವ ಬಾಯ್ಲರಿನ ಶಾಖವನ್ನು ಎಂದೂ ಹೆಚ್ಚಿಸುತ್ತಿರಲಿಲ್ಲ. ಎರಡು ಸ್ವೆಟರ್ ಹಾಕಿಕೊಳ್ಳುತ್ತಿದ್ದರು.

ಅಜ್ಜಿಗೆ ಇನ್ನೊಂದು ಸ್ವಭಾವವಿತ್ತು. ಒಮ್ಮೆ ಅವರ ಕೈತಪ್ಪಿ ನೆರೆಮನೆಯ ಸೋಯಾ ಸಾಸಿನ ಜಾಡಿ ಬಿರುಕುಬಿಟ್ಟಿತು. ನೆರೆಯವರು ನಕ್ಕು ಮರೆತರು. ಅಜ್ಜಿ ಮಾತ್ರ ಆಮೇಲೆ ಆ ಅಂಗಳಕ್ಕೆ ಕಾಲಿಡಲಿಲ್ಲ. ಕರೆದರೆ, "ನನ್ನ ಕೈ ಸರಿಯಿಲ್ಲ" ಎಂದು ಬೇಲಿಯಾಚೆಯೇ ನಿಲ್ಲುತ್ತಿದ್ದರು.

ಯುನ್‌ಸುಲ್ ಶಾಲೆ ಮುಗಿಸುವ ವರ್ಷದ ಚಳಿಗಾಲದಲ್ಲಿ ಗ್ವಾಂಗ್‌ಜೂ ನಗರದಲ್ಲಿ ಹೊಸ ಹಾಡುಗಾರರ ಸ್ಪರ್ಧೆ ಏರ್ಪಟ್ಟಿತು. ಹಾಡು ಸ್ವಂತದ್ದಾಗಿರಬೇಕು, ವಾದ್ಯವನ್ನೂ ತಾನೇ ನುಡಿಸಬೇಕು. ಸ್ಪರ್ಧೆಯ ಹಿಂದಿನ ದಿನ ಅವಳು ನನ್ನನ್ನು ಎಂದಿನಂತೆ ತಣ್ಣಗಿನ ಉಗ್ರಾಣದಲ್ಲಿಟ್ಟು ಶಾಲೆಗೆ ಹೋದಳು. ಹೊರಗೆ ಹಿಮ ಬೀಳುತ್ತಿತ್ತು. ಅಜ್ಜಿ ಮೀನು ತರಲು ಒಳಬಂದವರು ನನ್ನನ್ನು ಮುಟ್ಟಿ ನೋಡಿದರು.

"ಅಯ್ಯೋ ಪಾಪ! ಐಸ್ ಆಗಿಬಿಟ್ಟಿದೆಯಲ್ಲ. ನಾಳೆ ಹಾಡಬೇಕಾದದ್ದು."

ಅವರು ನನ್ನನ್ನು ಎತ್ತಿಕೊಂಡು ಹೋಗಿ ಅತ್ಯಂತ ಬೆಚ್ಚಗಿನ ಜಾಗದಲ್ಲಿ ಮಲಗಿಸಿದರು, ಹತ್ತಿಯ ಕೌದಿ ಹೊದಿಸಿದರು. ಆಮೇಲೆ, ತಮಗಾಗಿ ಎಂದೂ ಮಾಡದ ಕೆಲಸ ಮಾಡಿದರು: ಬಾಯ್ಲರನ್ನು ಪೂರ್ತಿ ಹೆಚ್ಚಿಸಿದರು. ಹಿರಿಯರಿಗೆ ಮೀಸಲಾದ ಜಾಗ ನನಗೆ ದೊರೆತಿತ್ತು; ನನ್ನ ಮೈಯ ತೇವವೆಲ್ಲ ಹೊರಟುಹೋಗುತ್ತಿತ್ತು. ಮೇಲ್ಹಲಗೆ ಅಡ್ಡಕ್ಕೆ ಕುಗ್ಗಲು ಎಳೆಯಿತು. ಒಳಗಿನ ಪಟ್ಟಿಗಳು ಬಿಡಲಿಲ್ಲ. ಟಪ್ಪೆಂದು ಸದ್ದಾಯಿತು.

"ಏನು, ಬೆಚ್ಚಗಾಯ್ತಾ?" ಎಂದು ಅಜ್ಜಿ ಕೌದಿಯ ಮೇಲೆ ಮೆಲ್ಲನೆ ತಟ್ಟಿದರು.

ಸಂಜೆ ಯುನ್‌ಸುಲ್ ಕೌದಿ ಎತ್ತಿದಳು. ಮೇಲ್ಹಲಗೆ ನೇರವಾಗಿ ಸೀಳಿತ್ತು. ತಂತಿಗಳನ್ನು ಹಿಡಿದಿಡುವ ಕುದುರೆ ಒಂದು ಬದಿಯಲ್ಲಿ ಎದ್ದುಬಂದಿತ್ತು. ಅಡುಗೆಮನೆಯಿಂದ ಅಜ್ಜಿ ಕೂಗಿದರು: "ಚೆನ್ನಾಗಿ ಬೆಚ್ಚಗಿದೆಯಾ?"

"ಹೂಂ, ಹಲ್ಮೊನಿ," ಎಂದಳು ಯುನ್‌ಸುಲ್. ಅಜ್ಜಿಯನ್ನು ಅಲ್ಲಿ ಹಾಗೆಯೇ ಕರೆಯುತ್ತಾರೆ. "ತುಂಬಾ ಬೆಚ್ಚಗಿದೆ."

ಅವಳು ನೆರೆಮನೆಯ ಅಂಗಳವನ್ನು ನೆನೆದಳೆಂದು ನಾನು ಬಲ್ಲೆ. ನಿಜ ತಿಳಿದರೆ ಅಜ್ಜಿ ಇನ್ನು ಮುಂದೆ ಅವಳು ಹಾಡುವ ಕೋಣೆಯೊಳಗೂ ಬರುವುದಿಲ್ಲ, ಬಾಗಿಲಾಚೆಯೇ ನಿಂತುಬಿಡುತ್ತಾರೆ. ಅಜ್ಜಿಗೆ ಇದು ಎಂದೂ ತಿಳಿಯಬಾರದು: ಆ ಕ್ಷಣದಿಂದ ಅವಳಿಗೆ ಸ್ಪರ್ಧೆಗಿಂತ ಅದೇ ದೊಡ್ಡದಾಯಿತು.

ಮರುದಿನ ಬಸ್ಸಿನಲ್ಲಿ ಅವಳು ಸ್ವಲ್ಪ ಅತ್ತಳು. ಆಮೇಲೆ ಯೋಚಿಸಿದಳು. ತಂತಿಗಳ ಬಿಗಿತ ಇದ್ದಂತೆಯೇ ಇದ್ದರೆ ಕುದುರೆ ಕಿತ್ತುಬರುತ್ತದೆ. ಬಿರಡೆಗಳನ್ನು ಒಂದೊಂದಾಗಿ ತಿರುಗಿಸಿ ಎಲ್ಲ ತಂತಿಗಳನ್ನೂ ಸಡಿಲಿಸಿದಳು. ಶ್ರುತಿ ಬಹಳ ಕೆಳಗಿಳಿಯಿತು. ವೇದಿಕೆಯಲ್ಲಿ ಅವಳು ಏಣಿ ಹತ್ತಲು ಸಾಧ್ಯವಿರಲಿಲ್ಲ. ಅಡುಗೆಮನೆಯಲ್ಲಿ ಅಜ್ಜಿಯೊಂದಿಗೆ ಮಾತಾಡುವ ದನಿಯಲ್ಲಿಯೇ ಹಾಡಬೇಕಾಯಿತು. ನನ್ನ ನಾದವೂ ಗೊಗ್ಗರಾಗಿತ್ತು. ಮೊದಲ ಬಾರಿಗೆ ಅವಳ ಕತ್ತಿನ ನರಗಳು ಸಡಿಲವಾಗಿದ್ದುದನ್ನು ನಾನು ನೋಡಿದೆ.

ಮೊದಲ ಬಹುಮಾನ ಬರಲಿಲ್ಲ. ಆದರೆ ತೀರ್ಪುಗಾರರಲ್ಲಿ ಒಬ್ಬರು, ರಾಜಧಾನಿ ಸಿಯೋಲ್ ನಗರದಲ್ಲಿ ಸಣ್ಣ ಧ್ವನಿಮುದ್ರಣಾಲಯ ನಡೆಸುತ್ತಿದ್ದವರು, ಅವಳನ್ನು ಕರೆದು, "ಈ ದನಿ ಹಾಗೇ ಇರಲಿ" ಎಂದರು.

ಮನೆಗೆ ಮರಳಿದ ಮೇಲೆ ಅಜ್ಜಿ ಸೀಳನ್ನು ಕಂಡು ಹೌಹಾರಿದರು. ಯುನ್‌ಸುಲ್ ಬಸ್ಸಿನ ಮೆಟ್ಟಿಲಲ್ಲಿ ಬೀಳಿಸಿದೆನೆಂದಳು.

"ಎರಡೆರಡು ಕೈ ಇದ್ದೂ! ನಾನು ಅಷ್ಟು ಜೋಪಾನವಾಗಿ ಇಟ್ಟುಕೊಟ್ಟಿದ್ದೆ!"

ಆ ಬೈಗುಳ ವರ್ಷಗಟ್ಟಲೆ ನಡೆಯಿತು. ಯುನ್‌ಸುಲ್‌ಳ ಹಾಡುಗಳು ಟ್ಯಾಕ್ಸಿಗಳಲ್ಲಿ, ಅಂಗಡಿಗಳಲ್ಲಿ ಕೇಳತೊಡಗಿದವು. ಟೀವಿಯವರು ಅಜ್ಜಿಯನ್ನು ಮಾತಾಡಿಸಲು ಬಂದಾಗಲೂ ಅವರು, "ಹಾಡೇನೋ ಇರಲಿ, ಕೈಯಲ್ಲಿ ಮಾತ್ರ ಜೀವವಿಲ್ಲ" ಎಂದರು. ಯುನ್‌ಸುಲ್ ಪಕ್ಕದಲ್ಲಿ ಕುಳಿತು ತಲೆಯಾಡಿಸಿದಳು. ದುರಸ್ತಿಗಾರ ಪ್ಯೊ ನನ್ನ ಸೀಳಿಗೆ ಒಳಗಿನಿಂದ ಮರದ ತುಂಡುಗಳನ್ನು ಅಂಟಿಸಿ, ಈಗ ಶ್ರುತಿ ಏರಿಸಬಹುದೆಂದಾಗ ಅವಳು ಬೇಡವೆಂದಳು. ಕಾರಣವನ್ನು ನಾನು ದೊಡ್ಡ ಸಭಾಂಗಣಗಳಲ್ಲಿ ಕಂಡುಕೊಂಡೆ. ಎತ್ತರದ ಹಾಡನ್ನು ಜನ ಕೇಳುತ್ತಾರೆ. ಕೆಳಗಿನ ಹಾಡನ್ನು ಜೊತೆಗೆ ಹಾಡುತ್ತಾರೆ. ಕೇಳುಗರ ಕೈಯಲ್ಲಿ ಸಾವಿರಾರು ಬಣ್ಣದ ದೀಪದ ಕೋಲುಗಳು ಕತ್ತಲಲ್ಲಿ ತೂಗುವಾಗ, ಶಾಲೆಯ ಹುಡುಗಿಯರೂ ಬಸ್ ಚಾಲಕರೂ ಒಂದೇ ಶ್ರುತಿಯಲ್ಲಿ ಹಾಡುವುದು ನನ್ನ ಹಲಗೆಯೊಳಗೆ ಅನುರಣಿಸುತ್ತಿತ್ತು. ಮುಂದಿನ ಸಾಲಿನಲ್ಲಿ ಎರಡು ಸ್ವೆಟರ್ ಹಾಕಿಕೊಂಡ ಅಜ್ಜಿ ಕುಳಿತಿರುತ್ತಿದ್ದರು.

ನನ್ನ ಕತ್ತು ಬಾಗಿದ ಮೇಲೆ ಯುನ್‌ಸುಲ್ ಹೊಸ ಗಿಟಾರ್ ಹಿಡಿದಳು. ನನ್ನನ್ನು ಮೊಕ್ಪೊ ನಗರದ ಈ ಪ್ರದರ್ಶನಾಲಯಕ್ಕೆ ಕೊಟ್ಟಳು. ಕಪಾಟಿನೊಳಗೆ ಇಡುವ ದಿನ ಇಬ್ಬರೂ ಬಂದರು. ಇಲ್ಲಿನ ಮೇಲ್ವಿಚಾರಕಿ ಅರಾ ಎಂಬ ಯುವತಿ ತೇವಮಾಪಕವನ್ನು ತೋರಿಸಿ ಹೆಮ್ಮೆಯಿಂದ ವಿವರಿಸಿದಳು.

"ಬಿಸಿ ನೆಲದ ಮೇಲೆ ಮಾತ್ರ ಗಿಟಾರ್ ಇಡಬಾರದು, ಹಲ್ಮೊನಿ. ಒಣಗಿ ನೆಟ್ಟಗೆ ಸೀಳಿಬಿಡುತ್ತೆ. ಬಿದ್ದರೆ ಹಾಗಲ್ಲ, ಚಕ್ಕೆ ಏಳುತ್ತೆ."

ಅಜ್ಜಿ ನನ್ನ ಸೀಳನ್ನು ನೋಡಿದರು. ಅದು ಗೆರೆ ಎಳೆದಂತೆ ನೆಟ್ಟಗಿತ್ತು.

"ಮೇಲೆ ಕೌದಿ ಹೊದಿಸಿದ್ರೆ?"

"ಅಯ್ಯೋ, ಅದು ಹುರಿದ ಹಾಗೆ!"

ಅಜ್ಜಿ ಕೈಚೀಲ ತೆಗೆದುಕೊಂಡು ಬಾಗಿಲಿಗೆ ನಡೆದು, ಹೊಸ್ತಿಲಾಚೆ ನಿಂತರು. ಯುನ್‌ಸುಲ್ ಕರೆಯಲಿಲ್ಲ. ನನ್ನನ್ನು ಎತ್ತಿಕೊಂಡು ಹೋಗಿ ಹೊಸ್ತಿಲ ಈಚೆ ನೆಲದ ಮೇಲೆ ಕುಳಿತಳು.

"ಆವತ್ತು ಅತ್ತೆಯಾ?" ಅಜ್ಜಿ ಬೆನ್ನು ತಿರುಗಿಸಿಕೊಂಡೇ ಕೇಳಿದರು.

"ಬಸ್ಸಲ್ಲಿ. ಸ್ವಲ್ಪ."

"ಊಟ ಮಾಡಿದ್ಯಾ?"

"ನೀನು ಕಟ್ಟಿಕೊಟ್ಟಿದ್ದೆಯಲ್ಲ. ತಿಂತಾ ತಿಂತಾ ಅತ್ತೆ."

"ಇಷ್ಟು ವರ್ಷ ಬೈದೆನಲ್ಲ ನಿನಗೆ. ಟೀವಿಯಲ್ಲೂ."

"ನಿನ್ನ ಬೈಗುಳಕ್ಕೇ ಬೇರೆ ಅಭಿಮಾನಿಗಳಿದಾರೆ, ಹಲ್ಮೊನಿ."

ಅಜ್ಜಿ ಅರ್ಧ ತಿರುಗಿದರು. "ಅದು ಸೀಳದೇ ಇದ್ದಿದ್ರೆ ಹೇಗೆ ಹಾಡ್ತಿದ್ದೆ?"

ಯುನ್‌ಸುಲ್ ಕತ್ತು ನೀಳ ಮಾಡಿ ಹಳೆಯ ಎತ್ತರದಲ್ಲಿ ಒಂದು ಸಾಲು ಹಾಡಿದಳು. ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡರು.

"ಸಾಕು, ನಿಲ್ಲಿಸು! ಕಡಲಕಾಗೆಯ ಬಾಲ ತುಳಿದ ಹಾಗಿದೆ."

ಆಮೇಲೆ ಹೊಸ್ತಿಲು ದಾಟಿ ಒಳಬಂದರು. ಕಪಾಟಿನ ಮುಂದಿನ ಫಲಕದಲ್ಲಿ ಏನು ಬರೆದಿದೆ ಎಂದು ಅರಾಳನ್ನು ಕೇಳಿದರು. ಬಸ್ಸಿನ ಮೆಟ್ಟಿಲಲ್ಲಿ ಬಿದ್ದ ಗುರುತು, ಎಂದು ಅವಳು ಓದಿದಳು.

"ಸುಳ್ಳು. ತೆಗೆದುಹಾಕು. ನನ್ನ ಹೆಸರು ಬರಿ."

"ನಿಮ್ಮ ಹೆಸರು ಯಾಕೆ, ಹಲ್ಮೊನಿ?"

"ಕೆಲಸ ಮಾಡಿದವರ ಹೆಸರು ಹಾಕೋದಿಲ್ವಾ? ಇವಳ ಹಾಡಿಗೆಲ್ಲ ಹಾಕ್ತಾರೆ."

ಈಗ ನನ್ನ ಸುತ್ತ ಗಾಳಿಯ ತೇವ ಸಮನಾಗಿದೆ. ನಾನು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಯುನ್‌ಸುಲ್ ದೂರದ ಊರುಗಳಲ್ಲಿ ಹಾಡುತ್ತಾಳೆ. ಹೊಸ ಗಿಟಾರಿನ ಶ್ರುತಿಯೂ ನನ್ನದೇ. ನನ್ನನ್ನು ತಟ್ಟಿ ನೋಡಿದ ಕೈಗೆ, ಅಂಟಿಸಿದ ಕೈಗೆ, ಹೊದಿಸಿದ ಕೈಗೆ ನಾನು ಋಣಿ. ಅಜ್ಜಿ ಬಿಡುವಾದಾಗಲೆಲ್ಲ ಬಂದು, ಶಾಲೆಯ ಮಕ್ಕಳಿಂದ ಹೊಸ ಫಲಕವನ್ನು ಗಟ್ಟಿಯಾಗಿ ಓದಿಸುತ್ತಾರೆ:

"ಮೇಲ್ಹಲಗೆಯ ಸೀಳು. ಕಾರಣ: ಬಿಸಿ ನೆಲ ಮತ್ತು ಹತ್ತಿಯ ಕೌದಿ. ಮಾಡಿದವರು: ಹಾ ಮಾಲ್‌ಸೂನ್. ಪರಿಣಾಮ: ಶ್ರುತಿ ಕೆಳಗಿಳಿಯಿತು, ಎಲ್ಲರಿಗೂ ಎಟುಕಿತು."