ಮೂವತ್ತಾರು ಚೀಟಿ

ಸಂದರ್ಶನ ಮುಗಿಸಿ ಸಗರದಲ್ಲಿ ಬಸ್ಸಿಳಿದಾಗ ಪಂಚಶೀಲಾಳ ಕಾಲು ನೆಲದ ಮೇಲಿರಲಿಲ್ಲ. ವಿಜ್ಞಾನಿ ಹುದ್ದೆ ಕೊಡಲು ಸಮಿತಿಯವರು ಕೇಳಿದ್ದು ಒಂದೇ: ಗಿಡ ಬಾಡಿಸುವ ನೆಟೆರೋಗ ತಡೆಯುವ ತೊಗರಿ ತಳಿಗಳ ಮೂರನೇ ವರ್ಷದ ಇಳುವರಿ ಸೋಮವಾರದೊಳಗೆ ಕೈಸೇರಬೇಕು. ಅದೇನು ಮಹಾ! ಊರಿನ ಅಮರಪ್ಪನವರಿಂದ ಗುತ್ತಿಗೆ ಹಿಡಿದ ಹೊಲದಲ್ಲಿ ಹನ್ನೆರಡು ತಳಿ, ತಳಿಗೆ ಮೂರು ತುಂಡು ನೆಲದಂತೆ ಮೂವತ್ತಾರು ಮಡಿ ಕೊಯ್ಲಿಗೆ ಒಣಗಿ ನಿಂತಿದ್ದವು. ಒಂದೊಂದೇ ಮಡಿ ಕೊಯ್ದು, ಬೇರೆ ಬೇರೆ ತೂಗಿದರೆ ಮುಗಿಯಿತು. ಹಿಂದಿನ ಎರಡು ಸಲ ಕಾಲೇಜಿನ ಹುಡುಗರು ಬಂದು ಕೊಯ್ದು ಒಯ್ದಿದ್ದರು; ಈ ಸಲ ತಾನೊಬ್ಬಳೇ. ವಯಸ್ಸು ಮೂವತ್ತೆರಡಾದರೂ ಇನ್ನೂ ಓದುತ್ತಿದ್ದಾಳೆಂದು ನಗುವ ಓಣಿಯ ಬಾಯಿಗೂ ಬೀಗ ಬೀಳುತ್ತಿತ್ತು.

ಹೊಲಕ್ಕೆ ಹೋದರೆ ಗಿಡವೇ ಇಲ್ಲ, ಬರೀ ಕೂಳೆ. ಕಣದ ನಡುವೆ ಒಂದೇ ಒಂದು ರಾಶಿ, ಅದರ ನೆತ್ತಿಗೊಂದು ಬೇವಿನ ಟೊಂಗೆ. ಪಕ್ಕದಲ್ಲಿ ಅವ್ವ ಮರಿಲಿಂಗಮ್ಮ ಹಲ್ಲೆಲ್ಲ ಕಾಣುವಂತೆ ನಗುತ್ತ ನಿಂತಿದ್ದಳು.

"ಬಂದ್ಯಾ ಯವ್ವಾ? ಮೋಡ ಕಟ್ಟಿತ್ತು. ನೀ ಒಬ್ಬಾಕಿ ಎಷ್ಟಂತ ಕೊಯ್ತಿ? ಕೂಲಿಗೆ ರೇಣಮ್ಮನ ಮಂದಿ ಕರಕೊಂಡು ನಾನೇ ಕೊಯ್ದು ಮಷೀನಿಗೂ ಹಾಕಿಸೀನಿ."

"ಎಲ್ಲಾ ಕೂಡಿಸಿಬಿಟ್ಯಾ?"

"ಮತ್ತ? ಒಂದು ಹೊಲಕ್ಕ ಒಂದ ರಾಶಿ. ರಾಶಿ ಒಡದ್ರ ಮನಿ ಒಡೀತದ ಅಂತಾರ."

ಪಂಚಶೀಲಾ ರಾಶಿಗೆ ಕೈ ಹಾಕಿ ಒಂದು ಬೊಗಸೆ ಕಾಳು ತೆಗೆದಳು. ಮೂರು ವರ್ಷ ಬಿಸಿಲು ಕುಡಿದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಯಾವ ಕಾಳು ಯಾವ ತಳಿಯದೆಂದು ಇನ್ನು ಬ್ರಹ್ಮನೂ ಹೇಳಲಾರ. ಸಿಟ್ಟಿಗೆ ಮೈಯೆಲ್ಲ ಉರಿಯಿತು.

"ಮಡಿಗೊಂದು ಚೀಟಿ ಕಟ್ಟಿದ್ದು ಕಾಣಲಿಲ್ಲೇನು ನಿನಗ?"

ಮರಿಲಿಂಗಮ್ಮ ಸೆರಗಿನ ಗಂಟು ಬಿಚ್ಚಿದಳು. ಮೂವತ್ತಾರೂ ಚೀಟಿ ಮಡಿಕೆ ಮುರಿಯದೆ ಒಳಗಿದ್ದವು.

"ಕಂಡ್ವಲ್ಲ. ನಿನ್ನ ಓದಿನ ಸಾಮಾನು ಅಂತ ಒಂದೂ ಕಳೀಗೊಟ್ಟಿಲ್ಲ. ಯಾತಕ್ಕ ಕಟ್ಟೀದಿ ಅಂತ ಒಂದಿನನೂ ಹೇಳಲಿಲ್ಲ ನೀ."

"ಹೇಳಿದ್ರ ನಿನಗ ತಿಳೀತಿತ್ತಾ?"

ಮಾತು ಜಾರಿಬಿಟ್ಟಿತ್ತು. ಅವ್ವನ ನಗು ಇಳಿಯಿತು.

"ಮೂರು ವರ್ಷ ಕಳೆ ಕಿತ್ತೀನಿ. ಅದೂ ತಿಳೀಲಾರದ ಮಾಡೀನೇನು? ಬೇವಿನ ಗಿಡದ ಕಡೀ ಮೂರನೇ ಮಡಿ ಕೈತುಂಬ ಬಂತು. ಹಳ್ಳದ ಕಡೀದು ಬರೀ ಜೊಳ್ಳು. ಕೊಯ್ಯೋಮುಂದ ನನ್ನ ಕೈಗೆ ತಿಳೀತು. ಬರಕೋತಿಯೇನು?"

ಬರೆದುಕೊಂಡು ಏನು ಮಾಡುವುದು? ಸಮಿತಿಗೆ ಬೇಕಾದದ್ದು ಕಿಲೋ, ಅವ್ವನ ಕೈಯಲ್ಲ. ಹುದ್ದೆ ಹೋಯಿತು, ಅಷ್ಟೇ. ಏಳು ಸಭೆಗಳಲ್ಲಿ ಪರದೆಯ ಮೇಲೆ ಚಿತ್ರ ತೋರಿಸಿ ಇದೇ ಹೊಲವನ್ನು ವಿವರಿಸಿದ್ದಳು. ಇದರಲ್ಲಿ ಬಗ್ಗಿ ದುಡಿದವಳಿಗೆ ಒಂದು ಮಾತೂ ಹೇಳಿರಲಿಲ್ಲ. ತನ್ನ ಮೇಲೇ ಅಸಹ್ಯವಾಯಿತು.

ಕಟ್ಟಿಗೆ ಚೂರು ಹಿಡಿದು ಕಣದ ಮಣ್ಣಿನಲ್ಲಿ ಗೆರೆ ಎಳೆದಳು. ಮೂವತ್ತಾರು ಮನೆ. ಒಂದೇ ತಳಿಯನ್ನು ಮೂರು ಕಡೆ ಯಾಕೆ ಬಿತ್ತಿದೆ, ಪ್ರತಿ ಮಡಿಯನ್ನು ಯಾಕೆ ಬೇರೆ ತೂಗಬೇಕಿತ್ತು ಎಂದು ಹೇಳಿದಳು. ಹೇಳಿ ಮುಗಿಸಲು ಕಾಲು ತಾಸೂ ಹಿಡಿಯಲಿಲ್ಲ.

ಮರಿಲಿಂಗಮ್ಮ ಗೆರೆಗಳನ್ನು ನೋಡಿದಳು, ರಾಶಿಯನ್ನು ನೋಡಿದಳು, ತಲೆ ಮೇಲೆ ಕೈ ಹೊತ್ತಳು.

"ಇಷ್ಟ ಏನು? ಮೊದಲ ಹೇಳಿದ್ರ, ಮನಿ ಒಡದ್ರ ಒಡೀಲಿ ಅಂತ ಮೂವತ್ತಾರು ರಾಶಿ ಮಾಡ್ತಿದ್ದೆನಲ್ಲ ಯವ್ವಾ!"