ಡಿಸೆಂಬರ್ ಮೂವತ್ತರ ಮೊದಲ ವಾರ

ಪ್ರಯೋಗಾಲಯದ ಗಾಜಿನ ಆಚೆ ಬೋದಿಲ್ ಸೀಸೆಯನ್ನು, ಕೆಟ್ಟದ್ದನ್ನು ಎಸೆಯುವ ಕೆಂಪು ಡಬ್ಬಿಯ ಮೇಲೆ ಹಿಡಿದು ನಿಂತಿದ್ದಳು. ಸೀಸೆಯ ಗುಲಾಬಿ ದ್ರವದಲ್ಲಿ ಸತ್ತವರೊಬ್ಬರ ಕಣ್ಣಿನ ಮುಂಭಾಗದ ತಿಳಿಪೊರೆ, ಕಾರ್ನಿಯಾ. ಹಾರ್ಸೆನ್ಸ್ ಊರಿನ ನೇತ್ರ ಬ್ಯಾಂಕಿನಲ್ಲಿ, ಕ್ರಿಸ್ಮಸ್ ರಜೆಯ ನಡುವೆ, ಉಳಿದದ್ದು ಇದೊಂದೇ. ಮೇಲಿನ ಮಹಡಿಯಲ್ಲಿ ರಾನ್ಹಿಲ್ ಎಂಬಾಕೆ ಆಪರೇಷನ್ ಮೇಜಿನ ಮೇಲೆ ಮಲಗಿದ್ದಳು. ಯಾರೋ ಹೊಸವರ್ಷಕ್ಕೆ ಮೊದಲೇ ಹಾರಿಸಿದ ರಾಕೆಟ್ ಅವಳ ಕಣ್ಣು ಸೀಳಿತ್ತು. ಇನ್ನೊಂದು ಕಣ್ಣು ಹುಟ್ಟಿನಿಂದಲೇ ಕುರುಡು.

"ಬೋದಿಲ್, ನಿಲ್ಲಿ!" ಸಿಸೆಲ್ ಮೈಕಿನ ಗುಂಡಿ ಒತ್ತಿದಳು. ಇಲ್ಲಿನ ಕಂಪ್ಯೂಟರಿನ ದಾಖಲೆಗಳೆಲ್ಲ ಅವಳ ಉಸ್ತುವಾರಿ.

"ನಿಂತೇ ಇದೀನಲ್ಲೇ. ಬಂದದ್ದು ವಾರ 49, 2024. ಕೆಡೋದು ವಾರ 1, 2024. ಕೆಟ್ಟಮೇಲೆ ಬಂತಾ ಇದು? ಇಬ್ಬರು ದಾನಿಗಳ ದಾಖಲೆ ಬೆರೆತಿದೆ. ಬೆರೆತದ್ದು ಡಬ್ಬಿಗೆ. ನಿಯಮ ಗೊತ್ತಲ್ಲ?"

ಸಿಸೆಲ್ ತನ್ನ ಪರದೆಯಲ್ಲೂ ಅದನ್ನೇ ತೆರೆದು ನೋಡಿದಳು. ನಾವು ಬದುಕೋದೇ ವಾರದ ಲೆಕ್ಕದಲ್ಲಿ, ತಾರೀಕು ಯಾಕೆ ತೋರಿಸ್ತೀಯ ಎಂದು ಪ್ರಯೋಗಾಲಯದವರು ಗೊಣಗಿದ್ದಕ್ಕೆ ಬೇಸಿಗೆಯಲ್ಲಿ ಅವಳೇ ತಾರೀಕನ್ನು ವಾರವಾಗಿ ತೋರಿಸುವ ಪ್ರೋಗ್ರಾಮಿನ ಸಾಲನ್ನು ಬರೆದಿದ್ದಳು. ವಾರವನ್ನು ಸೋಮವಾರದಿಂದ ಎಣಿಸುವ ಇಲ್ಲಿನ ಲೆಕ್ಕದಲ್ಲಿ ಈ ಸಲ ಡಿಸೆಂಬರಿನ ಕೊನೆಯ ಎರಡು ದಿನ ಮುಂದಿನ ವರ್ಷದ ಮೊದಲ ವಾರಕ್ಕೆ ಸೇರಿದ್ದವು. ಅವಳ ಸಾಲು ವಾರವನ್ನು ಹೊಸ ವರ್ಷದಿಂದಲೂ ಇಸವಿಯನ್ನು ಹಳೆಯದರಿಂದಲೂ ಎತ್ತಿ ಜೋಡಿಸಿತ್ತು.

"ದಾಖಲೆ ಸರಿ ಇದೆ, ತೋರಿಸೋದು ತಪ್ಪು. ಒಳಗೆ ಇರೋದು ನಾಳೆಯ ತಾರೀಕು. ಒಂದು ನಿಮಿಷ, ತಿದ್ದಿಬಿಡ್ತೀನಿ."

"ತಿದ್ದಿದ್ರೆ ನೋಡು!" ಬೋದಿಲ್ ಕಿರುಚಿದಳು. "ನಿನಗೆ ಬೇಕಾದ್ದನ್ನ ಪರದೆ ಹೇಳೋ ಹಾಗೆ ಮಾಡ್ತೀಯ, ನಾನು ಅದನ್ನ ನಂಬಿ ಒಬ್ಬಳ ಕಣ್ಣಿಗೆ ಹೊಲಿಸಬೇಕಾ?"

ಸಿಸೆಲ್ ಕೀಲಿಮಣೆಯಿಂದ ಕೈ ತೆಗೆದಳು. ಬೋದಿಲ್ ಹೇಳುವುದು ಸರಿ. ಈಗ ತಾನು ಏನನ್ನು ಮುಟ್ಟಿದರೂ ಅದು ಸಾಕ್ಷಿಯಾಗದು.

ಮೇಲಿನಿಂದ ಫೋನು ಬಡಿದುಕೊಳ್ಳತೊಡಗಿತು. ಇಬ್ಬರೂ ಎತ್ತಲಿಲ್ಲ.

"ಸರಿ, ನಾನು ಮುಟ್ಟಲ್ಲ. ನೀವೇ ಹೊಸ ದಾಖಲೆ ತೆರೆಯಿರಿ. ನಿನ್ನೆಯ ತಾರೀಕು ಹಾಕಿ."

ಬೋದಿಲ್ ಕೈಗವಸಿನ ಒಂದೇ ಬೆರಳಿನಿಂದ ಒತ್ತಿದಳು. "ವಾರ 52, 2024. ಸರಿಯಾಗೇ ಇದೆ."

"ಈಗ ಇವತ್ತಿನದು."

ಅವಳು ಒತ್ತಿದಳು. ಮತ್ತೆ ಅಳಿಸಿ ಒತ್ತಿದಳು.

"ವಾರ 1, 2024," ಎಂದಳು. "ನಿನ್ನೆ ಮಲಗಿ ಎದ್ದದ್ದು ಹೋದ ಜನವರಿಗಾ?"

"ಈ ಲೆಕ್ಕದಲ್ಲಿ ಹೌದು."

ಬೋದಿಲ್ ನಗಲಿಲ್ಲ. ಪೊರೆ ಕೆಡದೆ ಉಳಿಯುವುದು ನಾಲ್ಕು ವಾರ; ನಲವತ್ತೊಂಬತ್ತರಿಂದ ತುಟಿಯಲ್ಲೇ ಅದನ್ನು ಎಣಿಸಿದಳು. ಸೀಸೆಯನ್ನು ಬೆಳಕಿಗೆ ಹಿಡಿದಳು. ಆಮೇಲೆ ಫೋನ್ ಎತ್ತಿ, "ಕಳಿಸ್ತಿದೀನಿ, ಸಹಿ ನಂದು," ಎಂದು, ಸೀಸೆಯನ್ನು ಗೋಡೆಯ ಕಿಂಡಿಯಲ್ಲಿಟ್ಟು ಮುಚ್ಚಿದಳು. ಆಚೆ ಕಾದಿದ್ದ ನರ್ಸ್ ಅದನ್ನು ತೆಗೆದುಕೊಂಡು ಓಡಿದ ಸದ್ದು ಕೇಳಿಸಿತು.

ಸಿಸೆಲ್ ಕುರ್ಚಿಗೆ ಒರಗಿದಳು. "ಬದುಕಿದೆವು, ಬೋದಿಲ್."

ಬೋದಿಲ್ ಕೆಂಪು ಡಬ್ಬಿಯನ್ನೇ ನೋಡುತ್ತಿದ್ದಳು.

"ಕೊಟ್ಟವರಿಗೂ ಕಣ್ಣು ಎರಡಿರ್ತವೆ ಕಣೇ," ಎಂದಳು. "ಎಡಗಡೆಯದು ಬೆಳಿಗ್ಗೆ ಕೈಗೆ ಬಂದಿತ್ತು, ಅದರ ದಾಖಲೇಲೂ ಇದೇ ವಾರ 1, 2024. ನೀನಿನ್ನೂ ಬಂದಿರಲಿಲ್ಲ."