ಮಿಲಿಟರಿ ಗಾದಿ

ಮೈನುದ್ದೀನ ಮೂರನೆಯ ಸಲ ಹೊಸ್ತಿಲಲ್ಲಿ ಬಗ್ಗಿ ಅತ್ತಿಗೆ ಮಾಬೂಬಿಯನ್ನು ಕೂಗಿದ. “ಭಾಬಿ, ಹಾಲು ಮಾಫ್ ಮಾಡೀನಿ ಅಂತ ಒಂದ ಮಾತು ಅಂದಬಿಡು. ಪೆಟ್ಟಿಗಿ ಎತ್ತತಾರ.”

ತಾನು ಕುಡಿಸಿದ ಹಾಲನ್ನು ತಾಯಿ ಬಾಯಿಬಿಟ್ಟು ಮಾಫ್ ಮಾಡಿದ ಮೇಲೆಯೇ ಮಗನ ಹೆಣ ಏಳಬೇಕು; ರಾಜೂರಿನ ಪಿಂಜಾರ ಓಣಿಯಲ್ಲಿ ಅದು ಹಿರಿಯರಿಂದ ಬಂದ ರೂಢಿ. ಮಾಫಾಗದ ಹಾಲು ಹೊತ್ತು ಹೋದವನಿಗೆ ಮಣ್ಣೂ ಭಾರ ಎನ್ನುತ್ತಾರೆ. ಅಂಗಳದಲ್ಲಿ ಅವಳ ಮಗ ಉಮರನ ಪೆಟ್ಟಿಗೆ ಧ್ವಜ ಹೊದ್ದು ಮಲಗಿತ್ತು. ಗಡಿಯಲ್ಲಿ ಕಾಳಗ ಶುರುವಾದ ಒಂಬತ್ತನೆಯ ದಿನ ಅವನಿಗೆ ಗುಂಡು ತಗುಲಿತ್ತು. ವಯಸ್ಸು ಇಪ್ಪತ್ನಾಲ್ಕು. ರೋಣದಿಂದ ಬಂದ ಸಾಹೇಬರು ಕೈಗಡಿಯಾರ ನೋಡುತ್ತಿದ್ದರು. ಊರಿಗೆ ಊರೇ ಬಿಸಿಲಲ್ಲಿ ನಿಂತಿತ್ತು.

ಬೆಳಿಗ್ಗೆಯವರೆಗೆ ಮಾಬೂಬಿ ಎಲ್ಲ ತಾಯಂದಿರಂತೆ ಅತ್ತಿದ್ದಳು. ಕೆಡಿಸಿದವನು ಪೆಟ್ಟಿಗೆಯ ಜೊತೆ ಬಂದ ಹವಾಲ್ದಾರ. ಪಾಪ, ಅವನದೂ ತಪ್ಪಲ್ಲ; ವಿಜಯಪುರದ ಕಡೆಯವನು, ಎರಡು ಮಾತು ಸಮಾಧಾನ ಹೇಳೋಣವೆಂದು ಹೋದ.

“ಯವ್ವಾ, ನಿಮ್ಮ ಮಗ ಭಾಳ ಗಟ್ಟಿ ಮನಿಷ್ಯಾ. ಕಾಳಗದ ಒಂಬತ್ತೂ ದಿನ ಎಲ್ಲಾರಕಿಂತ ಮುಂದ ಬಂದೂಕ ಹಿಡದು ಹೋದಾಂವ ಅವನ.”

“ಯಾರ ಮಗನ ಸುದ್ದಿ ಹೇಳಾಕತ್ತೀರಿ?” ಎಂದಳು ಮಾಬೂಬಿ. “ನನ್ನ ಮಗ ಗಾದಿ ಹೊಲಿತಿದ್ದ.”

ಉಮರನ ಅಕ್ಕ ಗುಲ್ಷನಳ ಮುಖವನ್ನು ಹವಾಲ್ದಾರ ನೋಡಿದ. ಗುಲ್ಷನ ನೆಲ ನೋಡಿದಳು. ಮಗಳ ಬಗ್ಗಿದ ತಲೆ ಕಂಡೇ ಮಾಬೂಬಿಗೆ ಎಲ್ಲ ತಿಳಿದುಹೋಯಿತು. ಅಳು ನಿಂತಿತು. ಎದ್ದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕುಳಿತಳು.

*

ಹತ್ತಿ ಬಡಿದು ಗಾದಿ ಮಾಡುವುದು ಆ ಮನೆಯ ಕಸುಬು. ಗಂಡ ತೀರಿದ ಮೇಲೆ ಮಾಬೂಬಿ ಮಗನನ್ನು ಕರೆದುಕೊಂಡು ಗಜೇಂದ್ರಗಡದವರೆಗೂ ಊರೂರು ತಿರುಗಿದ್ದಳು. ಮಗ ಹತ್ತಿ ಬಡಿಯುತ್ತಿದ್ದ, ತಾಯಿ ಹೊಲಿಯುತ್ತಿದ್ದಳು. ಐದು ವರ್ಷದ ಹಿಂದೆ ಅವನು ಸೈನ್ಯಕ್ಕೆ ಆಯ್ಕೆಯಾಗಿ ಬಂದ ದಿನ ಅವಳು ಒಲೆ ಹೊತ್ತಿಸಲಿಲ್ಲ. “ಕೊಲ್ಲೂ ಕೆಲಸಾನೂ ಬ್ಯಾಡ, ಸಾಯೂ ಕೆಲಸಾನೂ ಬ್ಯಾಡ” ಎಂದು ಎರಡು ದಿನ ಉಪವಾಸ ಕೂತಳು. ಮೂರನೆಯ ದಿನ ಉಮರ ಅಕ್ಕನನ್ನು ಬೆನ್ನಿಗಿಟ್ಟುಕೊಂಡು ಬಂದ.

“ಬಂದೂಕಿನ ಕೆಲಸ ಅಲ್ಲಬೇ. ಪಿಂಜಾರ ಅಂದ ಕೂಡಲೇ ಗಾದಿ ಖೋಲಿಗೆ ಹಾಕ್ಯಾರ. ಅಷ್ಟ ಸಿಪಾಯಿಗಳು ಮಲಗಬೇಕಲ್ಲ?”

“ಖರೇ ಏನ, ಗುಲ್ಷನ?”

“ಖರೇ, ಯವ್ವಾ. ಕಾಗದದಾಗ ಹಂಗ ಬರದಾರ.”

ಬೇರೆ ಯಾವ ತಾಯಿಯೂ ನಂಬುತ್ತಿರಲಿಲ್ಲ. ಜನ ಎಲ್ಲಿ ಹೋದರೂ ಮಲಗಲೇಬೇಕು, ಮಲಗಲು ಗಾದಿ ಬೇಕೇ ಬೇಕು ಎಂದು ತಿಳಿದಿದ್ದ ಪಿಂಜಾರಗಿತ್ತಿ ನಂಬಿದಳು. ಫೋನಿನಲ್ಲಿ ಊಟವಾಯಿತೇ ಎನ್ನುವ ಮೊದಲು, “ಹತ್ತಿ ಚಲೋ ಕೊಡತಾರೇನು? ಮೂಲಿಗೆ ತುಸು ಜಾಸ್ತಿ ತುಂಬು, ಇಲ್ಲಂದ್ರ ಕುಸೀತೈತಿ” ಎನ್ನುತ್ತಿದ್ದಳು. ಅವನು ಎಲ್ಲೋ ಹಿಮದಲ್ಲಿ ನಿಂತು, “ಹೂಂ ಬೇ, ತುಂಬೀನಿ” ಎನ್ನುತ್ತಿದ್ದ. ರೋಣದ ಸಂತೆಯಲ್ಲಿ ಅವಳು “ನನ್ನ ಮಗ ಮಿಲಿಟರಿ ಗಾದಿ ಮಾಡತಾನ” ಎಂದರೆ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದರು. ಅವಳೊಬ್ಬಳನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು. ಕಾಳಗ ಶುರುವಾದ ದಿನ ಗುಲ್ಷನ ಟಿವಿಯ ವಾಯರು ಕಿತ್ತು, ಕೆಟ್ಟಿದೆ ಎಂದಳು. ಸಾವಿನ ಸುದ್ದಿ ಬಂದಾಗ ಮೈನುದ್ದೀನ, ಗಾದಿ ಒಯ್ಯುವ ಲಾರಿ ಉರುಳಿತಂತೆ ಎಂದ.

*

ನೆರೆಮನೆಯ ಕಳಕವ್ವ ಒಳಗೆ ಬಂದು ಪಕ್ಕದಲ್ಲಿ ಕುಳಿತಳು. “ನಿನ್ನ ಜೀವಕ್ಕ ತ್ರಾಸ ಆಗಬಾರದಂತ ಹೇಳಲಿಲ್ಲ ಅವರು. ಏಳು, ಮಾಬೂಬಿ.”

“ನಿನಗೂ ಗೊತ್ತಿತ್ತು?”

ಕಳಕವ್ವ ಮುಖ ಆಚೆ ತಿರುಗಿಸಿದಳು.

“ನಿನ್ನ ಮನಿ ಗಾದಿ ಹೊಲಿಯುವಾಗ ಮೂರ ದಿನ ಅವನ ಸುದ್ದೀನ ಹೇಳೀನಿ. ಹೂಂ ಹೂಂ ಅಂತ ಕೇಳಿದಿ. ಚಾ ಬ್ಯಾರೆ ಕೊಟ್ಟಿ.”

ಬಾಗಿಲಲ್ಲಿ ನಿಂತಿದ್ದ ಗುಲ್ಷನ ಮೆಲ್ಲಗೆ ಹೇಳಿದಳು, “ನೀ ಅಂಜತಿ ಅಂತ, ಯವ್ವಾ. ಊಟ ಬಿಡತಿ ಅಂತ. ಅಂವಾ ನನ್ನ ಕಡಿಂದ ಆಣಿ ಮಾಡಿಸಿಕೊಂಡಿದ್ದ.”

ಮಾಬೂಬಿ ಮೊದಲ ಸಲ ತಿರುಗಿದಳು. “ಈ ಒಂಬತ್ತ ದಿನ ನೀ ಏನ ಮಾಡಿದಿ?”

“ದುವಾ ಕೇಳಿದ್ನಿ.”

“ನಿಮ್ಮ ಕಾಕಾ?”

“ಅವರೂ ಕೇಳಿದ್ರು. ಮಸೂತ್ಯಾಗ ಎಲ್ಲಾರೂ ಕೇಳಿದ್ರು.”

“ನಾನೂ ಗುಡಿ ದೀಪಕ್ಕ ಎಣ್ಣಿ ಹಾಕಿ ಬಂದ್ನಿ” ಎಂದಳು ಕಳಕವ್ವ.

“ಊರೆಲ್ಲ ಕೇಳತು. ಹಡದಾಕಿ ಒಬ್ಬಾಕಿ ಕೇಳಲಿಲ್ಲ. ಒಂಬತ್ತೂ ದಿನ ಹೊಟ್ಟಿ ತುಂಬ ಉಂಡು ನಿದ್ದಿ ಮಾಡೀನಿ.” ಮಾಬೂಬಿಯ ದನಿ ಏರಲಿಲ್ಲ. “ಆ ಅಂಜಿಕಿ ನನ್ನದಿತ್ತು, ಗುಲ್ಷನ. ನನ್ನ ಕಡಿಂದ ಕಸಗೊಂಡು ನೀವೆಲ್ಲ ಹಂಚಿಕೊಂಡ್ರಿ.”

ಮಗ ಸತ್ತ ಸಂಕಟದಷ್ಟೇ ಅವಳನ್ನು ನಾಚಿಕೆಯೂ ಸುಡುತ್ತಿತ್ತು. ಐದು ವರ್ಷ ಅವಳು ತನ್ನ ಮನೆಯಲ್ಲೇ ಕುರುಡಿಯ ಹಾಗೆ ಬದುಕಿದ್ದಳು. ಹೊರಗೆ ಮೈನುದ್ದೀನ ಮತ್ತೆ ಕೂಗಿದ. ಈ ಸಲ ಅವನ ದನಿಯಲ್ಲಿ ಅಳುವಿತ್ತು. ಮಾಬೂಬಿ ಗೋಡೆ ಹಿಡಿದು ಎದ್ದಳು.

ಪೆಟ್ಟಿಗೆಗೆ ಮೊಳೆ ಹೊಡೆದಿದ್ದರು. “ತಲಿ ಯಾವ ಕಡೆ ಐತ್ರಿ?” ಎಂದು ಹವಾಲ್ದಾರನನ್ನು ಕೇಳಿದಳು. ಅವನು ತೋರಿಸಿದ ಕಡೆ ಕುಳಿತು ಧ್ವಜದ ಬಟ್ಟೆಗೆ ಬಾಯಿ ತಾಗುವಷ್ಟು ಬಗ್ಗಿದಳು.

“ನನ್ನ ಮುಂದ ಸುಳ್ಳ ಹೇಳಿದಿ, ಮಗನ. ಭಾಳ ಸುಳ್ಳ ಹೇಳಿದಿ.” ಅಂಗೈಯಿಂದ ಬಟ್ಟೆಯ ಸುಕ್ಕು ಸವರಿದಳು. “ಹಾಲು ಮಾಫ್ ಮಾಡೀನಿ. ಹೋಗು.”

ಅಂಗಳ ಉಸಿರು ಬಿಟ್ಟಿತು. ಗುಲ್ಷನ ಬಂದು ತಾಯಿಯ ಕಾಲು ಹಿಡಿದಳು. “ಯವ್ವಾ, ನನಗೂ ಮಾಫ್ ಮಾಡು.”

“ಅಂವಾ ಸತ್ತಾನಂತ ಮಾಡೀನಿ,” ಎಂದಳು ಮಾಬೂಬಿ. “ನೀ ಬದುಕಿದಿ.”

ಗಂಡಸರು ಪೆಟ್ಟಿಗೆ ಹೊತ್ತು ಓಣಿಯ ಹಿಂದಿನ ಖಬರಸ್ತಾನಕ್ಕೆ ನಡೆದರು. ಹೆಂಗಸರು ರೂಢಿಯಂತೆ ಅಂಗಳದಲ್ಲೇ ಉಳಿದರು. ಬಹಳ ಹೊತ್ತಾದ ಮೇಲೆ ಅಲ್ಲಿಂದ ಗೌರವದ ಮೊದಲ ಗುಂಡು ಹಾರಿತು. ಹೆಂಗಸರೆಲ್ಲ ಬೆಚ್ಚಿ ಕಿವಿ ಮುಚ್ಚಿಕೊಂಡರು. ಗುಲ್ಷನ ಓಡಿಬಂದು ಹಿಂದಿನಿಂದ ತನ್ನ ಎರಡೂ ಅಂಗೈಗಳಿಂದ ತಾಯಿಯ ಕಿವಿ ಮುಚ್ಚಿದಳು. ಮಾಬೂಬಿ ಆ ಕೈಗಳನ್ನು ಒಂದೊಂದಾಗಿ ತೆಗೆದುಹಾಕಿ, ತಲೆಯ ಮೇಲಿನ ಸೆರಗನ್ನೂ ಕಿವಿಯ ಹಿಂದಕ್ಕೆ ಸರಿಸಿ, ಎರಡನೆಯ ಗುಂಡಿಗೆ ಕಾದು ನಿಂತಳು.